ಉತ್ತರಕ್ಕೆ ಮುಖ ಮಾಡಿದ ಮನೆ, ಡಿಸೆಂಬರ್ ಬಿಸಿಲು ಮತ್ತು ಆರ್ಕಿಟೆಕ್ಟರ ಲೆಕ್ಕ

ಪ್ರಶ್ನೆ: ನಾನು ಮೈಸೂರಿನಲ್ಲಿ ಮದುವೆ ಫೋಟೋಗ್ರಾಫರ್. ಪರಿಚಯದ ಆರ್ಕಿಟೆಕ್ಟ್ ಒಬ್ಬರು ತಾವು ಡಿಸೈನ್ ಮಾಡಿದ ಹೊಸ ಮನೆಯ ಫೋಟೋ ತೆಗೆದುಕೊಡಿ ಎಂದು ಕೇಳಿದ್ದಾರೆ. ಮನೆ ಉತ್ತರಕ್ಕೆ ಮುಖ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಅಂಗಳ ಇದೆ, ರೆಡ್ ಆಕ್ಸೈಡ್ ನೆಲ. ಡಿಸೆಂಬರ್‌ನಲ್ಲಿ ಒಂದು ದಿನ ಶೂಟ್ ಮುಗಿಸೋಣ ಅನ್ನುತ್ತಾರೆ. ಇಂಟೀರಿಯರ್ ಡಿಸೈನರ್ ಕೂಡ ಅದೇ ಫೋಟೋ ಬೇಕು, ಇಬ್ಬರೂ ಸೇರಿ ದುಡ್ಡು ಕೊಡುತ್ತೇವೆ ಅಂದಿದ್ದಾರೆ. ಎಡಿಟ್ ಮಾಡದ ಮೂಲ ಫೈಲ್, ಅಂದರೆ ರಾ ಫೈಲ್ ಎಲ್ಲ ಕೊಡಬೇಕಂತೆ. ನನ್ನ ಹತ್ತಿರ ಫುಲ್ ಫ್ರೇಮ್ ಕ್ಯಾಮೆರಾ, 16-35 ಮತ್ತು 24-70 ಲೆನ್ಸ್, ಎರಡು ಫ್ಲಾಶ್ ಇವೆ. ಟಿಲ್ಟ್ ಶಿಫ್ಟ್ ಲೆನ್ಸ್ ಕೊಳ್ಳಲೇಬೇಕಾ? ಒಂದು ದಿನ ಸಾಕಾ? ರೇಟು ಹೇಗೆ ಹೇಳೋದು? ಫೋಟೋ ಕೊನೆಗೆ ಯಾರದ್ದು?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಫೋಟೋ ಯಾರದ್ದು ಅನ್ನುವುದು ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲೇ ಇತ್ಯರ್ಥ ಆಗಬೇಕು.

ಅಮೆರಿಕ, ಇಂಗ್ಲೆಂಡಿನ ಫೋಟೋಗ್ರಾಫರುಗಳ ವಿಡಿಯೋ ನೋಡಿ ನಮ್ಮಲ್ಲಿ ಅನೇಕರು ಕ್ಲಿಕ್ ಮಾಡಿದವನೇ ಮಾಲೀಕ ಅಂದುಕೊಂಡಿದ್ದಾರೆ. ಅಲ್ಲಿ ಬಹುಮಟ್ಟಿಗೆ ಹಾಗೇ. ಇಲ್ಲಿ ಹಾಗಲ್ಲ. ನಮ್ಮ 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ಅಂದರೆ ನೀವು ಬಾಯಿಮಾತಲ್ಲಿ ‘ಆಯ್ತು ಸಾರ್, ಮಾಡೋಣ’ ಅಂದು ಹೋಗಿ ತೆಗೆದುಕೊಟ್ಟರೆ ಫೋಟೋ ಅವರದ್ದು. ಅವರು ಅದನ್ನು ಟೈಲ್ಸ್ ಕಂಪನಿಗೂ ಕೊಡಬಹುದು. ನೀವು ನಿಮ್ಮ ವೆಬ್‌ಸೈಟಿಗೆ ಹಾಕಿಕೊಳ್ಳಬೇಕಾದರೂ ಅವರನ್ನು ಕೇಳಬೇಕು.

ಮದುವೆ ಕೆಲಸದಲ್ಲಿ ಇದು ನಿಮಗೆ ಅಷ್ಟು ತಟ್ಟಿರುವುದಿಲ್ಲ. ಮದುಮಕ್ಕಳ ಆಲ್ಬಮ್ ಬೇಕು ಅಂತ ಮೂರನೆಯವರು ಯಾರೂ ಬರುವುದಿಲ್ಲ ಅಲ್ವಾ? ಮನೆಯ ಫೋಟೋ ಹಾಗಲ್ಲ. ಕಿಟಕಿ ಮಾಡಿದವರು, ಲೈಟ್ ಮಾರಿದವರು, ಮಾಡ್ಯುಲರ್ ಕಿಚನ್‌ನವರು, ಪೇಂಟ್ ಕಂಪನಿ, ಕಾಂಟ್ರಾಕ್ಟರ್, ಪತ್ರಿಕೆ, ಎಲ್ಲರಿಗೂ ಅದೇ ಫೋಟೋ ಬೇಕು. ಈ ಕೆಲಸದಲ್ಲಿ ಹಣ ಇರುವುದೇ ಅಲ್ಲಿ.

ಹಾಗಾಗಿ ಒಂದು ಪುಟದ ಪತ್ರ ಮಾಡಿ. ಕಾಪಿರೈಟ್ ಫೋಟೋಗ್ರಾಫರ್ ಬಳಿ ಉಳಿಯುತ್ತದೆ, ಆರ್ಕಿಟೆಕ್ಟರಿಗೆ ಬಳಸುವ ಲೈಸೆನ್ಸ್ ಸಿಗುತ್ತದೆ ಎಂದು ಬರೆಯಿರಿ. ಎಲ್ಲೆಲ್ಲಿ ಬಳಸಬಹುದು ಅನ್ನುವುದನ್ನು ಬಿಡಿಸಿ ಹೇಳಿ: ಅವರ ವೆಬ್‌ಸೈಟ್, ಇನ್‌ಸ್ಟಾಗ್ರಾಂ, ಆಫೀಸಿನ ಪ್ರೆಸೆಂಟೇಶನ್, ಅವಾರ್ಡ್ ಅರ್ಜಿ, ಪತ್ರಿಕೆಗಳಿಗೆ ಕಳಿಸುವುದು. ಮೂರನೆಯವರಿಗೆ ಕೊಡುವ ಹಾಗಿಲ್ಲ, ಬೇಕಾದವರು ನಿಮ್ಮನ್ನೇ ಕೇಳಬೇಕು. ಎಷ್ಟು ವರ್ಷ, ಯಾವ ದೇಶದಲ್ಲಿ ಅನ್ನುವುದೂ ಇರಲಿ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ತಿಳಿಯುತ್ತದೆ, ಜಾಗ ಬರೆಯದಿದ್ದರೆ ಭಾರತ ಮಾತ್ರ ಎಂದು ತಿಳಿಯುತ್ತದೆ. ಆರ್ಕಿಟೆಕ್ಟ್ ತಮ್ಮ ಕೆಲಸ ತೋರಿಸಿಕೊಳ್ಳುವುದಕ್ಕೆ ಮಾತ್ರ ಅವಧಿಯ ಮಿತಿ ಹಾಕಬೇಡಿ. ಅವರು ಜೀವನಪೂರ್ತಿ ತೋರಿಸಬಹುದು ಎಂದೇ ಬರೆಯಿರಿ, ಅದರಲ್ಲಿ ಜಿಪುಣತನ ಮಾಡಿದರೆ ಮುಂದಿನ ಪ್ರಾಜೆಕ್ಟ್ ನಿಮಗೆ ಬರುವುದಿಲ್ಲ. ಫೋಟೋ ಜೊತೆ ನಿಮ್ಮ ಹೆಸರು ಹಾಕಬೇಕು ಅಂತಲೂ ಸೇರಿಸಿ. ಕಾಪಿರೈಟ್ ಮಾರಿದ ಮೇಲೂ ‘ಇದು ನಾನು ತೆಗೆದದ್ದು’ ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ನಿಮಗೆ ಉಳಿಸಿಕೊಟ್ಟಿದೆ, ಆದರೂ ಕಾಗದದಲ್ಲಿ ಇದ್ದರೆ ನೆನಪಿಸುವುದು ಸುಲಭ.

ಮನೆ ಮಾಲೀಕರನ್ನು ಮರೆಯಬೇಡಿ. ಕಟ್ಟಡದ ಫೋಟೋ ತೆಗೆದರೆ ಆರ್ಕಿಟೆಕ್ಟರ ಕಾಪಿರೈಟ್ ಉಲ್ಲಂಘನೆ ಆಗುವುದಿಲ್ಲ, ಕಾಯಿದೆಯೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ ಮನೆಯೊಳಗೆ ಕಾಲಿಡಲು, ಒಳಗಿನದನ್ನು ಊರಿಗೆಲ್ಲ ತೋರಿಸಲು ಮಾಲೀಕರ ಒಪ್ಪಿಗೆ ಬೇಕೇ ಬೇಕು. ಅದನ್ನು ಬರಹದಲ್ಲಿ ತರಿಸಿಕೊಡುವುದು ಆರ್ಕಿಟೆಕ್ಟರ ಜವಾಬ್ದಾರಿ ಅಂತ ಪತ್ರದಲ್ಲೇ ಹಾಕಿ. ಮನೆ ನಂಬರ್, ಮಕ್ಕಳ ಫೋಟೋ, ಬೀರು, ಸಿಸಿಟಿವಿ ಕ್ಯಾಮೆರಾ ಎಲ್ಲೆಲ್ಲಿದೆ ಅನ್ನುವುದು, ಇವು ಯಾವುದೂ ಫ್ರೇಮಿನಲ್ಲಿ ಬೇಡ. ದೇವರ ಕೋಣೆ ತೆಗೆಯಬಹುದಾ ಎಂದು ಮನೆಯವರನ್ನೇ ಕೇಳಿ. ಕೆಲವರಿಗೆ ಹೆಮ್ಮೆ, ಕೆಲವರಿಗೆ ಸುತಾರಾಂ ಇಷ್ಟ ಇರುವುದಿಲ್ಲ.

ಇನ್ನು ದುಡ್ಡು. ಕಟ್ಟಡದವರ ಜೊತೆ ಕೆಲಸ ಮಾಡುವಾಗ ಮೊದಲು ಬರುವ ಪ್ರಶ್ನೆ ‘ಸ್ಕ್ವೇರ್ ಫೂಟ್‌ಗೆ ಎಷ್ಟು?’ ಅದಕ್ಕೆ ನಕ್ಕು ಸುಮ್ಮನಾಗಿ. ಸಾವಿರ ಚದರಡಿಯ ಮನೆಯಲ್ಲಿ ಹದಿನೈದು ಒಳ್ಳೆಯ ಫ್ರೇಮ್ ಇರಬಹುದು, ಐದು ಸಾವಿರ ಚದರಡಿಯ ಮನೆಯಲ್ಲಿ ಎಂಟೇ ಇರಬಹುದು. ಮದುವೆಯಲ್ಲಿ ನೀವು ಸಾವಿರಗಟ್ಟಲೆ ಫೋಟೋ ಕೊಟ್ಟು ರೂಢಿ. ಇಲ್ಲಿ ಇಡೀ ದಿನಕ್ಕೆ ಹನ್ನೆರಡರಿಂದ ಇಪ್ಪತ್ತು ಫೋಟೋ ಬಂದರೆ ತುಂಬು ಕೆಲಸ. ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ‘ಇಷ್ಟೇನಾ?’ ಅನ್ನುವ ಮಾತು ಬಂದೇ ಬರುತ್ತದೆ.

ಕೊಟೇಶನ್‌ನಲ್ಲಿ ಎರಡು ಭಾಗ ಬೇರೆಬೇರೆ ಇರಲಿ. ಒಂದು, ತೆಗೆಯುವ ಖರ್ಚು: ನಿಮ್ಮ ದಿನ, ಮೊದಲೇ ಹೋಗಿ ನೋಡಿಬರುವ ದಿನ, ಅಸಿಸ್ಟೆಂಟ್, ಲೆನ್ಸ್ ಬಾಡಿಗೆ, ಓಡಾಟ, ಎಡಿಟಿಂಗ್. ಇನ್ನೊಂದು, ಬಳಸುವ ಲೈಸೆನ್ಸ್. ಇಬ್ಬರು ಸೇರಿದರೆ ತೆಗೆಯುವ ಖರ್ಚು ಒಂದೇ, ಲೈಸೆನ್ಸ್ ಎರಡು. ನಾನು ಹೇಳುವ ಲೆಕ್ಕ ಹೀಗೆ. ಸುಲಭಕ್ಕೆ ಒಬ್ಬರಿಗೇ ಆದರೆ 40 ಸಾವಿರ ಅಂದುಕೊಳ್ಳಿ. ಇನ್ನೊಬ್ಬರು ಸೇರಿದರೆ ಶೇಕಡ 40 ಹೆಚ್ಚು, ಒಟ್ಟು 56 ಸಾವಿರ. ಇಬ್ಬರಿಗೂ 28 ಸಾವಿರದ ಬೇರೆಬೇರೆ ಬಿಲ್ಲು. ಅವರಿಗೆ ತಲಾ 12 ಸಾವಿರ ಉಳಿತಾಯ, ನಿಮಗೆ 16 ಸಾವಿರ ಜಾಸ್ತಿ. ಈಗ ನಿಮ್ಮ ಮುಂದಿರುವ ‘ಸೇರಿ ಕೊಡುತ್ತೇವೆ’ ಅನ್ನುವ ಮಾತಿನ ಅರ್ಥ ಒಂದೇ ರೇಟನ್ನು ಇಬ್ಬರು ಹಂಚಿಕೊಳ್ಳುವುದು. ಅದು ಬೇಡ. ಈ ಹಂಚಿಕೆ ಶೂಟ್‌ಗೆ ಮೊದಲು ಹೆಸರು ಕೊಟ್ಟವರಿಗೆ ಮಾತ್ರ. ಆಮೇಲೆ ಬಂದ ಕಿಟಕಿ ಕಂಪನಿಗೆ ಫೋಟೋಗೆ ಇಷ್ಟು ಅಂತ ಬೇರೆ ರೇಟು.

ಅರ್ಧ ಅಡ್ವಾನ್ಸ್ ತಗೊಳ್ಳಿ, ಬಾಕಿ ಬಂದ ಮೇಲೆ ದೊಡ್ಡ ಫೈಲ್ ಕೊಡಿ. ನಿಮ್ಮ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು, ಫೋಟೋಗ್ರಫಿಗೆ ಶೇಕಡ 18. ಕೊಟೇಶನ್‌ನಲ್ಲಿ ‘ಜಿಎಸ್‌ಟಿ ಬೇರೆ’ ಅಂತ ಹಾಕದೆ ಒಪ್ಪಿಕೊಂಡರೆ ಅದು ನಿಮ್ಮ ಜೇಬಿನಿಂದ ಹೋಗುತ್ತದೆ. ಆರ್ಕಿಟೆಕ್ಟರ ಆಫೀಸು ಟಿಡಿಎಸ್ ಅಂತ ಸ್ವಲ್ಪ ತೆರಿಗೆ ಹಿಡಿದುಕೊಂಡು ಕೊಟ್ಟರೆ ಗಾಬರಿ ಬೇಡ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಗ್ರಾಹಕರಿಗೆ ಚೆಂದದ ಮನೆಯ ಫೋಟೋ ಬೇಕಾಗಿಲ್ಲ. ತಾವು ಹಾಕಿದ ಲೆಕ್ಕ ಫಲಿಸಿದೆ ಅಂತ ತೋರಿಸುವ ಫೋಟೋ ಬೇಕು. ಹಾಗಾಗಿ ಕ್ಯಾಮೆರಾ ಇಲ್ಲದೆ ಒಂದು ಸಲ ಅವರ ಜೊತೆ ಮನೆಯೆಲ್ಲ ಸುತ್ತಿ. ಪ್ಲಾನ್ ಮತ್ತು ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಸೆಕ್ಷನ್ ಡ್ರಾಯಿಂಗ್ ಕೇಳಿ ಪಡೆಯಿರಿ. ಪ್ಲಾನ್ ನಿಮಗೆ ಎಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಹೇಳುತ್ತದೆ, ಸೆಕ್ಷನ್ ಬೆಳಕು ಮೇಲಿಂದ ಹೇಗೆ ಇಳಿಯುತ್ತದೆ ಎಂದು ಹೇಳುತ್ತದೆ. ಸುತ್ತುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ‘ಈ ಮನೆಯಲ್ಲಿ ಮಾಲೀಕರ ಹತ್ತಿರ, ಮೇಸ್ತ್ರಿ ಹತ್ತಿರ ಜಗಳ ಆಡಿ ಉಳಿಸಿಕೊಂಡದ್ದು ಯಾವುದು?’ ಮೆಟ್ಟಿಲಿಗೆ ರೇಲಿಂಗ್ ಹೇಗೆ ಕೂತಿದೆ, ತೊಟ್ಟಿಯ ಸುತ್ತ ಕಂಬ ಯಾಕೆ ಎರಡೇ ಇದೆ, ಅಡುಗೆಮನೆಯಿಂದ ಗೇಟು ಕಾಣುವ ಹಾಗೆ ಕಿಟಕಿ ಯಾಕೆ ಇಟ್ಟಿದ್ದು, ಹೀಗೆ ಏನೋ ಒಂದು ಹೊರಗೆ ಬರುತ್ತದೆ. ನಿಮ್ಮ ಮೊದಲ ಮೂರು ಫೋಟೋ ಅಲ್ಲೇ ಸಿಕ್ಕಿತು.

ಇಂಟೀರಿಯರ್ ಡಿಸೈನರ್ ನೋಡುವುದೇ ಬೇರೆ. ಅವರಿಗೆ ವಾರ್ಡ್‌ರೋಬಿನ ಹಿಡಿ, ವೆನೀರ್‌ನ ಗೆರೆ ಒಂದು ಬಾಗಿಲಿಂದ ಇನ್ನೊಂದಕ್ಕೆ ಕೂಡಿಕೊಂಡು ಹೋಗಿರುವುದು, ಪರದೆಯ ಬಟ್ಟೆ, ಫಾಲ್ಸ್ ಸೀಲಿಂಗಿನ ಅಂಚು ಬೇಕು. ಆರ್ಕಿಟೆಕ್ಟರಿಗೆ ಫಾಲ್ಸ್ ಸೀಲಿಂಗ್ ಕಂಡರೆ ಆಗದೆಯೂ ಇರಬಹುದು. ಇಬ್ಬರಿಂದಲೂ ಬೇರೆಬೇರೆ ಪಟ್ಟಿ ತಗೊಂಡು, ಎರಡರಲ್ಲೂ ಇರುವ ಫ್ರೇಮನ್ನು ಮೊದಲು ಮುಗಿಸಿ.

ಬಿಸಿಲಿನ ವಿಷಯಕ್ಕೆ ಬಂದರೆ, ನಿಮ್ಮ ಡಿಸೆಂಬರ್ ಪ್ಲಾನ್ ಅರ್ಧ ಮಾತ್ರ ಸರಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಸೂರ್ಯ ಇಡೀ ದಿನ ದಕ್ಷಿಣದ ಕಡೆಯೇ ಇರುತ್ತಾನೆ. ಆಗ ಉತ್ತರದ ಗೋಡೆಗೆ ನೇರ ಬಿಸಿಲು ಅಂತ ಒಂದು ಕ್ಷಣವೂ ಬೀಳುವುದಿಲ್ಲ. ಅಷ್ಟೇ ಅಲ್ಲ, ನೀವು ರಸ್ತೆಯಲ್ಲಿ ನಿಂತು ದಕ್ಷಿಣಕ್ಕೆ ಕ್ಯಾಮೆರಾ ಹಿಡಿದಾಗ ಸೂರ್ಯ ಮನೆಯ ಹಿಂದೆ, ನಿಮ್ಮ ಎದುರಿಗೆ. ಗೋಡೆ ಕಪ್ಪಗೆ, ಆಕಾಶ ಬಿಳಿ ಕಾಗದ. ಎಡಿಟಿಂಗ್‌ನಲ್ಲಿ ಎಷ್ಟು ಎಳೆದರೂ ಆ ಗೋಡೆಗೆ ಜೀವ ಬರುವುದಿಲ್ಲ.

ಅದೇ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಲೆಕ್ಕ ತಿರುಗುತ್ತದೆ. ಆಗ ನಮ್ಮ ಊರಿಗೆ ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ಉತ್ತರದ ಕಡೆಯೇ ಇರುತ್ತಾನೆ, ನಡುಮಧ್ಯಾಹ್ನವೂ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ. ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಬಿಸಿಲು ಉತ್ತರದ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಇಟ್ಟಿಗೆಯ ಸಂದು, ಗಾರೆಯ ಒರಟು, ಜಾಲಿಯ ಆಳ, ಎಲ್ಲ ಎದ್ದು ನಿಲ್ಲುತ್ತದೆ. ಜೂನ್ ಬಂತೆಂದರೆ ಮೋಡ, ಹಾಗಾಗಿ ನಂಬಬಹುದಾದ್ದು ಮೇ ತಿಂಗಳು. ನಮ್ಮ ಕಡೆ ವಾಸ್ತು ನೋಡಿ ಪೂರ್ವ, ಉತ್ತರದ ಬಾಗಿಲನ್ನೇ ಹುಡುಕುತ್ತಾರೆ, ಅದರಿಂದ ಈ ಕೆಲಸದಲ್ಲಿ ಇರುವವರಿಗೆ ಉತ್ತರದ ಮನೆ ಮೇಲಿಂದ ಮೇಲೆ ಎದುರಾಗುತ್ತದೆ. ಪೂರ್ವದ ಮನೆ ಸುಲಭ, ಬೆಳಿಗ್ಗೆ ಎದ್ದು ಹೋದರೆ ಆಯಿತು.

ಆದ್ದರಿಂದ ಕೊಟೇಶನ್‌ನಲ್ಲೇ ಎರಡು ಭೇಟಿ ಹಾಕಿ. ಡಿಸೆಂಬರ್‌ನಲ್ಲಿ ಒಳಗಿನದು ಮತ್ತು ಸಂಜೆಯ ಹೊರನೋಟ. ಮೇಯಲ್ಲಿ ಅರ್ಧ ದಿನ ಹೊರಗೋಡೆಗೆ. ಅಷ್ಟು ಹೊತ್ತಿಗೆ ಗಿಡಗಳೂ ಬೇರು ಬಿಟ್ಟಿರುತ್ತವೆ. ನರ್ಸರಿಯಿಂದ ನಿನ್ನೆ ತಂದಿಟ್ಟ ಗಿಡ ಫೋಟೋದಲ್ಲಿ ಕುಂಡದ ಸಮೇತ ಸುಳ್ಳು ಹೇಳುತ್ತದೆ. ಆರ್ಕಿಟೆಕ್ಟ್ ಮೇವರೆಗೆ ಕಾಯುವುದಿಲ್ಲ ಅಂದರೆ ಸಂಜೆಯ ಫ್ರೇಮ್ ಮೇಲೇ ಭಾರ ಹಾಕಿ. ದಿಕ್ಕು, ಹೊತ್ತು ನೋಡಲು ಸನ್ ಸರ್ವೇಯರ್, ಫೋಟೋಪಿಲ್ಸ್ ಥರದ ಆ್ಯಪ್‌ಗಳಿವೆ. ಪ್ಲಾನ್ ಮೇಲೆ ಉತ್ತರದ ಬಾಣದ ಗುರುತು ಇದ್ದೇ ಇರುತ್ತದೆ, ಆದರೂ ಸೈಟಿನಲ್ಲಿ ಒಮ್ಮೆ ಫೋನಿನ ದಿಕ್ಸೂಚಿ ಹಿಡಿದು ನೋಡಿ.

ಸಂಜೆಯ ಫ್ರೇಮಿಗೆ ನಮ್ಮಲ್ಲಿ ಸಿಗುವ ಹೊತ್ತು ಕಮ್ಮಿ. ಯುರೋಪಿನವರು ಗಂಟೆಗಟ್ಟಲೆ ನೀಲಿ ಆಕಾಶದ ಮಾತಾಡುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಮುಳುಗಿದ ಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಆಟ ಮುಗಿಯುತ್ತದೆ. ಮೈಸೂರಿನಲ್ಲಿ ಡಿಸೆಂಬರ್‌ನಲ್ಲಿ ಆರರ ಆಸುಪಾಸು ಸೂರ್ಯಾಸ್ತ. ಒಳಗಿನ ಲೈಟಿನ ಹೊಳಪು, ಹೊರಗಿನ ಆಕಾಶದ ಹೊಳಪು ಸಮ ಆಗುವುದು ಆರೂ ಹತ್ತರಿಂದ ಆರೂ ಇಪ್ಪತ್ತರೊಳಗೆ. ಐದೂವರೆಗೇ ಟ್ರೈಪಾಡ್ ನಿಲ್ಲಿಸಿ, ಫ್ರೇಮ್ ಕಟ್ಟಿ, ಕ್ಯಾಮೆರಾ ಮುಟ್ಟದೆ ಎರಡೆರಡು ನಿಮಿಷಕ್ಕೊಂದು ತೆಗೆಯುತ್ತಾ ಹೋಗಿ. ಎಲ್ಲ ರೂಮಿನ ಲೈಟ್ ಹಾಕಿರಬೇಕು, ಗೇಟಿನ ಲೈಟೂ. ಕರೆಂಟ್ ಹೋದರೆ ಯುಪಿಎಸ್ ಮೇಲೆ ಯಾವ ಯಾವ ಲೈಟ್ ಉರಿಯುತ್ತವೆ ಎಂದು ಎಲೆಕ್ಟ್ರೀಷಿಯನ್ ಹತ್ತಿರ ಮೊದಲೇ ಕೇಳಿಡಿ.

ಲೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ಕೊಳ್ಳಬೇಡಿ. ಕ್ಯಾನನ್‌ನ 17 ಮತ್ತು 24, ನಿಕಾನ್‌ನ 19 ಎಂಎಂ ಶಿಫ್ಟ್ ಲೆನ್ಸ್‌ಗಳು ಈ ಕೆಲಸಕ್ಕೇ ಹುಟ್ಟಿದವು, ಬೆಲೆಯೂ ಹಾಗೇ. ಬೇಕಾದಾಗ ಬಾಡಿಗೆಗೆ ತನ್ನಿ. ಅದು ಮಾಡುವ ಕೆಲಸ ಇಷ್ಟೇ: ಕ್ಯಾಮೆರಾ ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ಮಟ್ಟವಾಗಿ ಹಿಡಿದರೆ ಗೋಡೆ ನೆಟ್ಟಗೆ, ಆದರೆ ಅರ್ಧ ಫ್ರೇಮ್ ಬರೀ ರಸ್ತೆ. ಶಿಫ್ಟ್ ಲೆನ್ಸಿನಲ್ಲಿ ಕ್ಯಾಮೆರಾ ಮಟ್ಟವಾಗಿದ್ದೇ ನೋಟ ಮೇಲಕ್ಕೆ ಸರಿಯುತ್ತದೆ. ನಿಮ್ಮ 16-35ರಲ್ಲಿ ಮಟ್ಟವಾಗಿ ಹಿಡಿದು ಅಗಲವಾಗಿ ತೆಗೆದು ಕೆಳಗಿನದನ್ನು ಕತ್ತರಿಸಿದರೂ ಬಹುಪಾಲು ನಡೆಯುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಎದುರು ಮನೆಯ ಮೊದಲ ಮಹಡಿ. ಮೂವತ್ತು ಅಡಿ ರಸ್ತೆಯಲ್ಲಿ ಹಿಂದಕ್ಕೆ ಹೋಗಲು ಜಾಗವೇ ಇಲ್ಲ. ಎದುರು ಮನೆಯವರನ್ನು ಕೇಳಿ, ಬಾಲ್ಕನಿಯಲ್ಲಿ ನಿಂತರೆ ಕಟ್ಟಡದ ನಡುಮಟ್ಟಕ್ಕೆ ಕಣ್ಣು ಬರುತ್ತದೆ, ವಾಲುವ ಪ್ರಶ್ನೆಯೇ ಇಲ್ಲ.

ಒಳಗೆ 16 ಎಂಎಂ ಬಳಸುವ ಆಸೆ ಬಿಡಿ. ರೂಮು ದೊಡ್ಡದಾಗಿ ಕಾಣಬೇಕು ಅಂದವರು ಮನೆ ಮಾರುವವರು. ಆರ್ಕಿಟೆಕ್ಟರಿಗೆ ಅಳತೆ ಸುಳ್ಳಾಗಬಾರದು. ಅಂಚಿನಲ್ಲಿರುವ ಕುರ್ಚಿ ಎಳೆದಂತೆ ಆದರೆ ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. 24ರಿಂದ 35ರೊಳಗೆ ಇರಿ, ಬೇಕಾದರೆ ಬಾಗಿಲಾಚೆ ನಿಂತು ತೆಗೆಯಿರಿ. ಎಫ್ 8, ಐಎಸ್‌ಒ 100, ಟ್ರೈಪಾಡ್. ಎತ್ತರ ಸುಮಾರು ನಾಲ್ಕು ಅಡಿ. ನಿಂತ ಮನುಷ್ಯನ ಕಣ್ಣೆತ್ತರದಲ್ಲಿ ಇಟ್ಟರೆ ಮೇಜು ಸೋಫಾಗಳ ನೆತ್ತಿ ಮಾತ್ರ ಕಾಣುತ್ತದೆ. ಅಡುಗೆಮನೆಯಲ್ಲಿ ಮಾತ್ರ ಸ್ವಲ್ಪ ಏರಿಸಿ, ಕಟ್ಟೆಯ ಮೇಲ್ಮೈ ಒಂದು ಪಟ್ಟಿಯಷ್ಟಾದರೂ ಕಾಣಲಿ. ಗೋಡೆಗೆ ನೇರ ಎದುರು ನಿಂತು ತೆಗೆಯುವುದಾದರೆ ಪೂರ್ತಿ ನೇರ ಇರಬೇಕು. ಒಂದು ಡಿಗ್ರಿ ತಪ್ಪಿದರೂ ನೆಲದ ಗೆರೆ ಹೇಳಿಬಿಡುತ್ತದೆ. ಓರೆಯಾಗಿ ಇಡುವುದಾದರೆ ಧಾರಾಳವಾಗಿ ಓರೆ ಇಡಿ.

ಒಳಗಿನ ಬೆಳಕು ಈ ಕೆಲಸದ ನಿಜವಾದ ಪರೀಕ್ಷೆ. ಮದುವೆ ಛತ್ರದಲ್ಲಿ ನೀವು ಫ್ಲಾಶ್ ಹೊಡೆದು ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುತ್ತೀರಿ. ಇಲ್ಲಿ ಹಾಗೆ ಮಾಡಿದರೆ ಆರ್ಕಿಟೆಕ್ಟ್ ಯೋಚಿಸಿ ತಂದ ಬೆಳಕನ್ನೇ ಅಳಿಸಿದ ಹಾಗೆ. ನಿಮ್ಮ ಆ ಮನೆಯ ಹಾಲ್ ಅಂದುಕೊಳ್ಳಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಕಿಟಕಿಯಿಂದ ಬರುವ ಬೆಳಕು ಸುಮಾರು 5500 ಕೆಲ್ವಿನ್, ಫಾಲ್ಸ್ ಸೀಲಿಂಗಿನ ಎಲ್‌ಇಡಿ 3000. ಜೊತೆಗೆ ಅಂಗಡಿಯಿಂದ ಆಮೇಲೆ ತಂದು ಹಾಕಿದ ಒಂದು ಬಲ್ಬು 6500. ಬಿಳಿ ಗೋಡೆ ಒಂದು ಕಡೆ ನೀಲಿ, ಒಂದು ಕಡೆ ಹಳದಿ. ಮೊದಲು ಆ ಬೇರೆ ಬಣ್ಣದ ಬಲ್ಬನ್ನು ಬದಲಾಯಿಸಿ, ಅದಕ್ಕೇ ಶೂಟಿನ ದಿನ ಎಲೆಕ್ಟ್ರೀಷಿಯನ್ ಏಣಿ ಸಮೇತ ಇರಬೇಕು.

ಆಮೇಲೆ ಕ್ಯಾಮೆರಾ ಅಲುಗಿಸದೆ ಒಂದೇ ಫ್ರೇಮನ್ನು ಹಲವು ಸಲ ತೆಗೆಯಿರಿ. ಎಲ್ಲ ಲೈಟ್ ಆರಿಸಿ ಒಂದು: ಗೋಡೆ, ಮರ, ಬಟ್ಟೆಯ ನಿಜವಾದ ಬಣ್ಣ ಇದರಲ್ಲಿ ಬರುತ್ತದೆ. ಎಲ್ಲ ಲೈಟ್ ಹಾಕಿ ಒಂದು: ದೀಪದ ಸುತ್ತಿನ ಹೊಳಪು ಇದರಲ್ಲಿ. ಕಿಟಕಿಯ ಆಚೆ ಕಾಣಲು ಬೆಳಕನ್ನು ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಅರ್ಧಕ್ಕೆ ಇಳಿಸುವುದು) ಕಮ್ಮಿ ಮಾಡಿ ಒಂದು. ಮೂಲೆಯ ಕಪಾಟು ತೀರಾ ಕತ್ತಲಾದರೆ ನಿಮ್ಮ ಫ್ಲಾಶನ್ನು ಹಿಂದಿನ ಬಿಳಿ ಗೋಡೆಗೆ ಹೊಡೆದು ಒಂದು. ಇವನ್ನು ಫೋಟೋಶಾಪಿನಲ್ಲಿ ಪದರ ಪದರವಾಗಿ ಇಟ್ಟು ಕೈಯಿಂದ ಸೇರಿಸಿ. ಲೈಟ್ ಆರಿಸಿದ್ದು ಅಡಿಪಾಯ, ಉಳಿದವನ್ನು ಬೇಕಾದಲ್ಲಿ ಅಷ್ಟಷ್ಟೇ ಬಿಡಿಸಿ. ಹಲವು ಫ್ರೇಮನ್ನು ಯಂತ್ರವೇ ಸೇರಿಸುವ, ಬಟನ್ ಒತ್ತಿ ಆಗುವ ಎಚ್‌ಡಿಆರ್ ಬೇಡ. ಅದು ನೆರಳನ್ನೆಲ್ಲ ಎತ್ತಿ ಹಾಕಿ ಮನೆಯನ್ನು ಚಪ್ಪಟೆ ಮಾಡುತ್ತದೆ. ಮೂಲೆ ಕತ್ತಲಾಗಿರಲಿ ಎಂದು ಆರ್ಕಿಟೆಕ್ಟ್ ಬೇಕಂತಲೇ ಇಟ್ಟಿರಬಹುದು, ಅಲ್ವಾ?

ಇದು ಫೋಟೋಶಾಪ್ ಬಂದ ಮೇಲೆ ಹುಟ್ಟಿದ ಕಸುಬಲ್ಲ. ಲಾಸ್ ಏಂಜಲೀಸಿನ ಬೆಟ್ಟದ ತುದಿಯಲ್ಲಿ ಪಿಯರ್ ಕೋನಿಗ್ ಕಟ್ಟಿದ ಗಾಜಿನ ಮನೆಯನ್ನು 1960ರಲ್ಲಿ ಜೂಲಿಯಸ್ ಶುಲ್ಮನ್ ತೆಗೆದ ಫೋಟೋ ನೀವು ನೋಡಿರುತ್ತೀರಿ. ಒಳಗೆ ಇಬ್ಬರು ಹೆಂಗಸರು ಕೂತಿದ್ದಾರೆ, ಕೆಳಗೆ ಇಡೀ ಊರಿನ ದೀಪ. ಊರಿನ ದೀಪಕ್ಕೆ ಸುಮಾರು 7 ನಿಮಿಷ ಶಟರ್ ತೆರೆದಿಟ್ಟು, ಕೊನೆಗೆ ಒಳಗೆ ಫ್ಲಾಶ್ ಬಲ್ಬ್ ಹೊಡೆದು ಹೆಂಗಸರನ್ನು ಹಿಡಿದದ್ದು. ಎರಡು ಎಕ್ಸ್‌ಪೋಶರ್, ಒಂದೇ ಫಿಲ್ಮಿನ ಹಾಳೆ. ನಮ್ಮಲ್ಲಿ ದೆಹಲಿಯ ಮದನ್ ಮಹಟ್ಟಾ ಅಚ್ಯುತ್ ಕಾನ್ವಿಂದೆ, ಹಬೀಬ್ ರಹಮಾನ್, ರಾಜ್ ರೇವಾಲ್ ಅವರ ಕಟ್ಟಡಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದದ್ದನ್ನು ಹುಡುಕಿ ನೋಡಿ. ಕಾಂಕ್ರೀಟಿನ ಮೇಲೆ ನೆರಳು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಬೇಡ.

ನಿಮ್ಮ ಮನೆಯ ರೆಡ್ ಆಕ್ಸೈಡ್ ನೆಲ ತನ್ನದೇ ತೊಂದರೆ ತರುತ್ತದೆ. ಬಿಸಿಲು ನೆಲಕ್ಕೆ ಬಿದ್ದರೆ ಕೆಂಪು ಮೇಲಕ್ಕೆ ಹಾರಿ ಬಿಳಿ ಸೀಲಿಂಗಿಗೆ, ಗೋಡೆಯ ಕೆಳಭಾಗಕ್ಕೆ ಹತ್ತುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಎದ್ದು ಕಾಣುತ್ತದೆ. ಬಣ್ಣ ಸರಿ ಮಾಡಿಕೊಳ್ಳಲು ಬೂದುಬಣ್ಣದ ಗ್ರೇ ಕಾರ್ಡ್ ಇಟ್ಟು ಒಂದು ಫ್ರೇಮ್ ತೆಗೆದುಕೊಳ್ಳಿ, ಎಡಿಟಿಂಗ್‌ನಲ್ಲಿ ಸೀಲಿಂಗನ್ನು ಮಾತ್ರ ಆರಿಸಿ ಕೆಂಪು ಇಳಿಸಿ. ಪೂರ್ತಿ ತೆಗೆಯಬೇಡಿ, ಆ ಬಿಸುಪಿಗಾಗಿಯೇ ಅವರು ಆ ನೆಲ ಹಾಕಿಸಿದ್ದು. ಹೊಳಪಿಗೆ ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ, ಅರ್ಧ ತಿರುಗಿಸಿ ನಿಲ್ಲಿಸಿ. ಪೂರ್ತಿ ತಿರುಗಿಸಿದರೆ ಉಜ್ಜಿ ಉಜ್ಜಿ ಹೊಳಪು ತಂದ ನೆಲ ಸಗಣಿ ಸಾರಿಸಿದ ಹಾಗೆ ಮಂಕಾಗುತ್ತದೆ. ಶೂಟಿನ ದಿನ ಬೆಳಿಗ್ಗೆ ನೆಲ ಒರೆಸಿಸಿ, ಆಮೇಲೆ ನೀವೂ ಅಸಿಸ್ಟೆಂಟೂ ಸಾಕ್ಸ್‌ನಲ್ಲಿ ಓಡಾಡಿ. ಬರಿಗಾಲಿನ ಗುರುತು ಈ ನೆಲದಲ್ಲಿ ಬೀಳುವಷ್ಟು ಇನ್ನೆಲ್ಲೂ ಬೀಳುವುದಿಲ್ಲ.

ತೊಟ್ಟಿಯನ್ನು ಎರಡು ಹೊತ್ತಿನಲ್ಲಿ ತೆಗೆಯಿರಿ. ಬೆಳಿಗ್ಗೆ ಬಿಸಿಲು ಇನ್ನೂ ಒಳಗೆ ಇಳಿಯದಿರುವಾಗ ಮೇಲಿನ ಆಕಾಶದ ಮೆತ್ತನೆ ಬೆಳಕಿನಲ್ಲಿ ಸುತ್ತಿನ ಜಗಲಿ, ಕಂಬ, ಒಳರೂಮು ಎಲ್ಲ ಒಂದೇ ಎಕ್ಸ್‌ಪೋಶರ್‌ಗೆ ಹತ್ತಿರ ಬರುತ್ತವೆ. ಡಿಸೆಂಬರ್ ಮಧ್ಯಾಹ್ನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿ ದಕ್ಷಿಣದಿಂದ ಇಳಿಯುವುದರಿಂದ ಬಿಸಿಲಿನ ಚೌಕ ತೊಟ್ಟಿಯ ಉತ್ತರದ ಬದಿಗೆ ಬೀಳುತ್ತದೆ. ಆ ಚೌಕ ಆರ್ಕಿಟೆಕ್ಟರಿಗೆ ಇಷ್ಟ. ಅದಕ್ಕೆ ಎಕ್ಸ್‌ಪೋಸ್ ಮಾಡಿ, ಸುತ್ತ ಕತ್ತಲಾದರೆ ಆಗಲಿ.

ಜೋಡಿಸುವ ಕೆಲಸಕ್ಕೆ ಫೋಟೋ ತೆಗೆಯುವಷ್ಟೇ ಹೊತ್ತು ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ವೈಫೈ ಡಬ್ಬಿ, ಚಾರ್ಜರ್, ರಿಮೋಟ್, ಕ್ಯಾಲೆಂಡರ್, ಕಾಲೊರಸು, ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಕವರು, ಸ್ವಿಚ್ ಬೋರ್ಡಿಗೆ ಅಂಟಿದ ಪೇಂಟಿನ ಚುಕ್ಕೆ. ಹೊಸ ಟಿವಿಯ, ಹೊಸ ಹಾಸಿಗೆಯ ಪ್ಲಾಸ್ಟಿಕ್ ಕವರನ್ನು ಮನೆಯವರು ಬಿಚ್ಚಿರುವುದಿಲ್ಲ, ಆರ್ಕಿಟೆಕ್ಟರ ಮೂಲಕ ಮೊದಲೇ ಹೇಳಿಸಿ. ಹಾಸಿಗೆ ಬಟ್ಟೆಗೆ ಇಸ್ತ್ರಿ ಬೇಕು, ಮಂಚದ ಮೇಲೆ ಹಾಸಿದ ಮೇಲೆ ಸ್ಟೀಮರ್ ಆಡಿಸಿದರೆ ಇನ್ನೂ ಒಳ್ಳೆಯದು. ಆದರೆ ಎಲ್ಲ ತೆಗೆದು ಖಾಲಿ ಮಾಡಬೇಡಿ. ಬಾಗಿಲ ತೋರಣ, ಅಡುಗೆಮನೆಯ ಹಿತ್ತಾಳೆ ಪಾತ್ರೆ, ಅಜ್ಜಿಯ ಕಾಲದ ಬೆತ್ತದ ಕುರ್ಚಿ ಇರಲಿ. ಮನೆ ನಮ್ಮ ಊರಿನದು ಅಂತ ಕಾಣಬೇಕಲ್ಲ. ಯಾವುದೋ ದೇಶದ ಕ್ಯಾಟಲಾಗಿನಂತೆ ಒಂದು ನಿಂಬೆಹಣ್ಣಿನ ಬಟ್ಟಲು, ಎರಡು ಇಂಗ್ಲಿಷ್ ಪುಸ್ತಕ ಇಡುವ ಚಾಳಿ ನನಗಂತೂ ಸಾಕಾಗಿದೆ.

ಒಂದೆರಡು ಫ್ರೇಮಿನಲ್ಲಿ ಮನುಷ್ಯರು ಇರಲಿ, ಅಳತೆ ಗೊತ್ತಾಗುತ್ತದೆ. ಕಾಲು ಸೆಕೆಂಡಿನ ಶಟರ್‌ನಲ್ಲಿ ನಡೆದುಹೋದರೆ ಮುಖ ಮಸುಕಾಗುತ್ತದೆ, ಗುರುತೂ ಸಿಗುವುದಿಲ್ಲ. ಎಲ್‌ಇಡಿ ಕೆಳಗೆ ಜೋರು ಶಟರ್ ಹಾಕಬೇಕಾಗಿ ಬಂದರೆ 1/100 ಅಥವಾ 1/50ರಲ್ಲಿ ನಿಲ್ಲಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕಿಂತ ಜೋರಾದರೆ ಅಗ್ಗದ ಎಲ್‌ಇಡಿಯಲ್ಲಿ ಫೋಟೋ ಮೇಲೆ ಪಟ್ಟೆ ಬೀಳುತ್ತದೆ.

ಎಡಿಟಿಂಗ್‌ನಲ್ಲಿ ಏನು ಅಳಿಸಬಹುದು? ನಾನು ಹಾಕಿಕೊಂಡ ಗೆರೆ ಸರಳ. ನಾಳೆ ಇರದೆ ಹೋಗಬಹುದಾದ್ದನ್ನು ಅಳಿಸಬಹುದು: ನಿಂತ ಸ್ಕೂಟರ್, ಕಸದ ಬುಟ್ಟಿ, ಗೋಡೆಯ ಕಲೆ, ಕೇಬಲ್ ಟಿವಿಯ ಜೋತಾಡುವ ತಂತಿ. ಟ್ರಾನ್ಸ್‌ಫಾರ್ಮರ್, ಪಕ್ಕದ ಕಟ್ಟಡ, ಗೋಡೆಯ ಮೇಲಿನ ಎಸಿ ಡಬ್ಬಿ ಇವು ಇರುವಂಥವು. ಅವನ್ನು ಅಳಿಸಿದ ಫೋಟೋ ಅವಾರ್ಡಿಗೆ ಹೋಗಿ, ಆಮೇಲೆ ತೀರ್ಪುಗಾರರು ಸೈಟಿಗೆ ಬಂದರೆ ಕಷ್ಟ ಆರ್ಕಿಟೆಕ್ಟರಿಗೆ. ಮರೆಮಾಡಬೇಕಾದರೆ ನಿಲ್ಲುವ ಜಾಗ ಬದಲಿಸಿ.

ಡ್ರೋನ್ ಕೇಳಿದರೆ ಒಪ್ಪಿಕೊಳ್ಳುವ ಮೊದಲು ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ್ದನ್ನು ದುಡ್ಡಿನ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಲ್ಲಿ ಜಾಗ ಹಸಿರಾ, ಹಳದಿಯಾ, ಕೆಂಪಾ ಎಂದು ಗೊತ್ತಾಗುತ್ತದೆ. ಸರ್ಟಿಫಿಕೇಟ್ ಇರುವವರನ್ನೇ ಕರೆಸಿ, ಅವರ ಖರ್ಚು ಬೇರೆ ಹಾಕಿ. ಹೆಂಚಿನ ಮಾಡು, ತೊಟ್ಟಿಯ ಬಾಯಿ ಮೇಲಿಂದ ತೋರಿಸಲು ಒಂದು ಫ್ರೇಮ್ ಸಾಕು. ಉಳಿದವು ಸುಮ್ನೆ.

ಇನ್ನು ಉಳಿದದ್ದು ರಾ ಫೈಲ್. ಕೊಡಬೇಡಿ. ಒಂದು ಫೋಟೋಗೆ ನಾಲ್ಕೈದು ರಾ ಸೇರಿರುತ್ತವೆ ಅಂತ ಆಗಲೇ ಹೇಳಿದೆ. ಅದರಲ್ಲಿ ಯಾವುದೋ ಒಂದನ್ನು, ನೀಲಿ ಹಳದಿ ಗೋಡೆ ಸಮೇತ, ಆಫೀಸಿನ ಹುಡುಗ ಫೋನಿನಲ್ಲಿ ಫಿಲ್ಟರ್ ಹಾಕಿ ನಿಮ್ಮ ಹೆಸರಿನ ಜೊತೆ ಹಾಕುತ್ತಾನೆ. ಇದನ್ನೇ ವಿವರಿಸಿ ಹೇಳಿದರೆ ಬಹಳಷ್ಟು ಆರ್ಕಿಟೆಕ್ಟರು ಒಪ್ಪುತ್ತಾರೆ. ಕೆಲಸ ಮುಗಿಯದ ಡ್ರಾಯಿಂಗನ್ನು ಅವರೂ ಗ್ರಾಹಕರಿಗೆ ಕೊಡುವುದಿಲ್ಲ. ಬದಲಿಗೆ ಶೂಟ್ ಮಾಡುವಾಗಲೇ ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಅವರಿಗೆ ಪ್ರತಿ ಫ್ರೇಮ್ ತೋರಿಸಿ, ಅಲ್ಲೇ ಸರಿ ಅನ್ನಿಸಿಕೊಳ್ಳಿ. ಎರಡು ಮೂರು ದಿನದಲ್ಲಿ ಸಣ್ಣ ಪ್ರೂಫ್ ಕಳಿಸಿ, ಒಂದು ಸುತ್ತು ತಿದ್ದುಪಡಿ ಫ್ರೀ, ಎರಡನೇ ಸುತ್ತಿನಿಂದ ದುಡ್ಡು. ಕೊನೆಗೆ ಪ್ರತಿ ಫೋಟೋ ಎರಡು ಅಳತೆಯಲ್ಲಿ: ಮುದ್ರಣಕ್ಕೆ ಪೂರ್ತಿ ಅಳತೆಯ 300 ಡಿಪಿಐ ಟಿಫ್, ವೆಬ್ಬಿಗೆ ಉದ್ದದ ಬದಿ 2500 ಪಿಕ್ಸೆಲ್‌ನ ಎಸ್‌ಆರ್‌ಜಿಬಿ ಜೆಪೆಗ್. ಫೈಲಿನ ಹೆಸರಿನಲ್ಲಿ ಪ್ರಾಜೆಕ್ಟ್ ಮತ್ತು ನಿಮ್ಮ ಹೆಸರು, ಮೆಟಾಡೇಟಾದಲ್ಲಿ ಕಾಪಿರೈಟ್ ಸಾಲು. ಮೂಲ ಫೈಲನ್ನು ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ, ಕಿಟಕಿ ಕಂಪನಿಯವರು ಎರಡು ವರ್ಷ ಆದ ಮೇಲೂ ಫೋನ್ ಮಾಡುತ್ತಾರೆ.